ಎಡ ಕೆನ್ನೆಯ ಮಚ್ಚೆ

ಹೊಸ ಸಂಚಿಕೆ ಕೈಗೆ ಬಂದರೆ ನಾನು ಮೊದಲು ನೋಡುವುದು ಮುಖಪುಟದ ಕೆಳಮೂಲೆ. ಅಲ್ಲಿ ನನ್ನ ಸಹಿ ಇರಬೇಕು. ಆ ದಿನವೂ ಇರಲಿಲ್ಲ. ಅದರ ಮೇಲೆ ಹಳದಿ ಪಟ್ಟಿ ಹೊಡೆದು, ಕಥೆಗಾರನ ಹೆಸರನ್ನು ದಪ್ಪಕ್ಷರದಲ್ಲಿ ಕೂರಿಸಿದ್ದರು. ಸತತ ನಾಲ್ಕನೇ ತಿಂಗಳು.

ಮೂರು ಚಂದ್ರರ ಕೆಳಗೆ ಬೆಳ್ಳಿಯ ರಾಕೆಟ್, ಅದರ ಬಾಗಿಲಲ್ಲಿ ಬಂದೂಕು ಹಿಡಿದ ರಾಣಿ. ಹನ್ನೆರಡು ದಿನ ಬೆನ್ನು ಬಗ್ಗಿಸಿ ಬಿಡಿಸಿದವಳು ನಾನು. ಬೆಡ್‌ಶೀಟ್ ಸುತ್ತಿಕೊಂಡು, ಬಂದೂಕಿನ ಬದಲು ಸೌಟು ಹಿಡಿದು, ಕಾಲು ಮರಗಟ್ಟುವವರೆಗೆ ನಿಂತವಳು ನನ್ನ ಅಕ್ಕ. ಹೆಸರು ಮಾತ್ರ ಅವನದು.

ನಮ್ಮ ಪತ್ರಿಕೆಯಲ್ಲಿ ಮೊದಲು ಮುಖಪುಟ, ಆಮೇಲೆ ಕಥೆ. ನಾನು ಏನು ಬಿಡಿಸಿ ಕೊಟ್ಟರೂ ಅದಕ್ಕೆ ಹೊಂದುವ ಕಥೆಯನ್ನು ಅವನು ಕಟ್ಟಲೇಬೇಕು. ಸಂಪಾದಕರ ಕಟ್ಟಪ್ಪಣೆ. ಸೇಡು ತೀರಿಸಿಕೊಳ್ಳಲು ನನಗೆ ಇನ್ನೇನು ಬೇಕು?

ಎಂಟು ಕೈಯ ರಾಕ್ಷಸನನ್ನು ಬಿಡಿಸಿದೆ. ಮೈತುಂಬ ಪಾಚಿ, ಬಾಯಿತುಂಬ ಜೊಲ್ಲು. ಎದೆಯ ಮೇಲೆ ರಾಣಿಯ ಕಾಲು. ಮುಖ ಕಥೆಗಾರನದು. ಸದಾ ಮೇಲೆದ್ದ ಒಂದು ಹುಬ್ಬು, ಚೂಪು ಮೂಗು, ಕೆನ್ನೆಯ ಮಚ್ಚೆ.

“ಪಾಪ ಕಣೇ,” ಅಂದಳು ಅಕ್ಕ.

“ಯಾರು?”

“ರಾಕ್ಷಸ. ಇಷ್ಟು ಚೆಂದದ ಕಣ್ಣು ಯಾಕೆ ಕೊಟ್ಟೆ ಅವನಿಗೆ?”

“ನೀನು ಸುಮ್ನೆ ನಿಂತ್ಕೋ.”

ಮರುದಿನ ಸಂಪಾದಕರ ಕೋಣೆಯಲ್ಲಿ ಕಥೆಗಾರ ಒಬ್ಬನೇ ಕೂತಿದ್ದ. ಚಿತ್ರವನ್ನು ಅವನ ಮುಂದೆ ಕುಕ್ಕಿದೆ. ಅವನು ಬಹಳ ಹೊತ್ತು ನೋಡಿದ. ಆ ಹುಬ್ಬು ಇನ್ನಷ್ಟು ಮೇಲೇರಿತು.

“ಇದು ನಾನಾ?”

“ರಾಕ್ಷಸ. ಸಾಯ್ತಾನೆ. ನಿಧಾನವಾಗಿ ಸಾಯ್ಲಿ, ಅವಸರ ಮಾಡ್ಬೇಡಿ.”

“ಮಚ್ಚೆ ಎಡ ಕೆನ್ನೆ ಮೇಲಿದೆಯಲ್ಲ.”

“ಇರೋದೇ ಅಲ್ಲಿ.”

ಅವನು ಬೆರಳೆತ್ತಿ ತನ್ನ ಬಲ ಕೆನ್ನೆ ಮುಟ್ಟಿದ. ಮಚ್ಚೆ ಅಲ್ಲಿತ್ತು.

ಅವನು ನಿಧಾನಕ್ಕೆ ತಿರುಗಿ, ಗೋಡೆಬದಿಯ ಗಾಜಿನ ಬೀರುವನ್ನು ನೋಡಿದ. ಗಾಜಿನಲ್ಲಿ ಅವನದೇ ಮುಖ, ಎಡ ಕೆನ್ನೆಗೆ ಮಚ್ಚೆ. ಪ್ರತಿ ಮೀಟಿಂಗಿನಲ್ಲೂ ನಾನು ಅವನಿಗೆ ಬೆನ್ನು ಹಾಕಿ ಕೂರುತ್ತಿದ್ದ ಕುರ್ಚಿಯ ಮುಖ ಆ ಬೀರುವಿನ ಕಡೆಗೇ ಇತ್ತು.

“ಒಂದು ವರ್ಷದಿಂದ ಒಂದ್ಸಲಾನೂ ನನ್ನ ಕಡೆ ತಿರುಗಿಲ್ಲ ನೀವು. ಎಂಥಾ ಜಂಬ ಅಂದ್ಕೊಂಡಿದ್ದೆ,” ಅಂದ. “ಗಾಜಲ್ಲಿ ನೋಡ್ತಿದ್ರಾ?”

“ಮಾತು ಮರೆಸ್ಬೇಡಿ. ನಾಲ್ಕು ತಿಂಗಳಿಂದ ನನ್ನ ಸಹಿ ಮೇಲೆ ಕೂತಿದೀರಲ್ಲ, ಕಾಣ್ಲಿಲ್ವಾ?”

ಅವನ ತುಟಿಯ ನಗು ಹೋಯಿತು.

“ಕಂಡಿತ್ತು. ಪಟ್ಟಿ ಹಾಕಿದ್ದು ಪ್ರೆಸ್‌ನವರು. ಆದ್ರೆ ತೆಗೀರಿ ಅಂತ ನಾನು ಹೇಳ್ಲಿಲ್ಲ. ನಮ್ಮಮ್ಮ ಆ ಹೆಸರನ್ನ ಬೀದಿಗೆಲ್ಲ ತೋರಿಸ್ಕೊಂಡು ಬರ್ತಾಳೆ. ಅದಕ್ಕೆ ಸುಮ್ನಿದ್ದೆ. ತಪ್ಪು ನಂದೇ.”

ಸುಳ್ಳು ಹೇಳಿದ್ದರೆ ಅವತ್ತೇ ಅವನ ಪಾಡಿಗೆ ಅವನನ್ನು ಬಿಡುತ್ತಿದ್ದೆ. ನಿಜ ಹೇಳಿ ನನ್ನ ಹೊಟ್ಟೆ ಇನ್ನಷ್ಟು ಉರಿಸಿದ.

“ತಪ್ಪು ಅಂದ್ಬಿಟ್ರೆ ಮುಗೀತಾ?”

“ಇಲ್ಲ,” ಅಂದ, ತಲೆ ತಗ್ಗಿಸಿ.

ಮುಂದಿನ ಸಂಚಿಕೆಯಲ್ಲಿ ಹಳದಿ ಪಟ್ಟಿ ಇರಲಿಲ್ಲ. ಕೆಳಮೂಲೆಯಲ್ಲಿ ನನ್ನ ಸಹಿ, ಕೊನೆಯ ಸುಳಿಯವರೆಗೂ ಸ್ವಚ್ಛ. ಅವನ ಹೆಸರನ್ನು ಹುಡುಕಿದೆ. ಮುಖಪುಟದಲ್ಲೂ ಇಲ್ಲ, ಕಥೆಯ ತಲೆಯ ಮೇಲೂ ಇಲ್ಲ. ತಾನೇ ತೆಗೆಸಿದ್ದಾನೆ ಎಂದರು ಸಂಪಾದಕರು.

ರಾಕ್ಷಸ ನಾನು ಕೇಳಿದ ಹಾಗೆಯೇ ಸತ್ತಿದ್ದ, ಏಳು ಪುಟದುದ್ದಕ್ಕೂ ನರಳಿ. ಉಸಿರು ನಿಲ್ಲುವ ಮುಂಚೆ ರಾಣಿಗೆ ಒಂದೇ ಮಾತು ಹೇಳಿದ್ದ: ‘ಕದ್ದು ನೋಡಿದ್ದು ಸಾಕು. ಒಮ್ಮೆ ನೇರ ನೋಡು.’

ಮೂರು ಸಲ ಓದಿದೆ. ಮೂರು ಸಲವೂ ಸಿಟ್ಟು ಬಂತು. ಮೂರನೆಯ ಸಲ ಕಣ್ಣೂ ತುಂಬಿತು.

ಭಾನುವಾರ ಅವನನ್ನು ಮನೆಗೆ ಕರೆಸಿದೆ. ಹಸಿರು ಪರದೆ ಸುತ್ತಿಸಿ, ಎರಡೂ ಕೈಗೆ ನೀರು ತುಂಬಿದ ಬಕೆಟ್ ಕೊಟ್ಟು, ಸ್ಟೂಲಿನ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿದೆ. ಅಕ್ಕ ಸೆರಗು ಬಾಯಿಗೊತ್ತಿ ಒಳಗೆ ಓಡಿದಳು.

“ಇನ್ನೂ ಎಷ್ಟು ಹೊತ್ತು ರೀ?” ಅವನ ತೋಳು ನಡುಗುತ್ತಿತ್ತು.

“ನಾಲ್ಕು ಸಂಚಿಕೆ.”

“ಐದನೇದಕ್ಕೆ?”

ಕುಂಚ ಇಟ್ಟು ಹತ್ತಿರ ಹೋದೆ. ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ಮಚ್ಚೆ ಬಲಗಡೆಯೇ ಇತ್ತು.

“ಮೊದ್ಲು ನಾಲ್ಕು ಮುಗೀಲಿ,” ಅಂದೆ. “ಬಕೆಟ್ ಇಳಿಸ್ಬೇಡಿ.”

ಗದ್ದದಿಂದ ಕೈಯನ್ನು ನಾನೂ ಇಳಿಸಲಿಲ್ಲ.