ಕುಂಕುಮದ ಡಬ್ಬಿಯ ಪಾರ್ವತಿ

"ಹೋಗು, ಯಾರು ಬ್ಯಾಡ ಅಂದ್ರು? ಹೋದೋಳು ಅಲ್ಲೇ ಇದ್ಬುಡು!"

ಅತ್ತೆ ಶಿವಲಕ್ಷ್ಮಮ್ಮನ ಮಾತಿಗೆ, ಬ್ಯಾಗು ಹಿಡಿದು ಹೊರಟಿದ್ದ ಪದ್ಮಲತಾ ಹೊಸಿಲಲ್ಲೇ ನಿಂತುಬಿಟ್ಟಳು. ಕಲ್ಯಾಣದುರ್ಗದಲ್ಲಿ ತಾಯಿ ಗಂಗುಲಮ್ಮ ಹಾಸಿಗೆ ಹಿಡಿದು ಹದಿನೈದು ದಿನ. ಬೆಳಿಗ್ಗೆ ಫೋನಿನಲ್ಲಿ ಮಾತು ಬರಲಿಲ್ಲ, ಬರೀ ಉಸಿರು ಕೇಳಿಸಿತ್ತು... ಆದರೆ ಹಿಂದೂಪುರದ ಈ ಮನೆಯ ಗೃಹಪ್ರವೇಶದ ದಿನ ಬೀಗರು ಉಣ್ಣದೆ ಎದ್ದುಹೋದರೆಂದು ಮೂರು ವರ್ಷದಿಂದ ಸೊಸೆಗೆ ತವರಿನ ದಾರಿ ಬಂದ್. ಗಂಡ ಜಯಚಂದ್ರ ಜಗಳ ಶುರುವಾಗುತ್ತಲೇ ಅಂಗಡಿಗೆ ಹೋಗಿದ್ದ. ಗಂಡಸರಿಗೆ ಇಂಥ ಹೊತ್ತಿನಲ್ಲೇ ಅಂಗಡಿಯ ಕೆಲಸ ನೆನಪಾಗುತ್ತದೆ!

ಆ ಮನೆಗೆ ಬಂದ ಸೊಸೆಯರಿಗೆಲ್ಲ ಮೊದಲ ದಿನ ತೋರಿಸುವ ವಸ್ತುವೊಂದಿತ್ತು: ಅಂಗೈಯಗಲದ ಚಿನ್ನದ ಕುಂಕುಮದ ಡಬ್ಬಿ. ಬೆಂಗಳೂರಿನ ಇಂಗ್ಲಿಷರ ಬಂಗಲೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದ ಈ ಮನೆಯ ಮುತ್ತಜ್ಜಿಗೆ ಅಲ್ಲಿನ ದೊರೆಸಾನಿಯೊಬ್ಬಳು ಊರು ಬಿಡುವಾಗ ಕೊಟ್ಟದ್ದು. ಮುಚ್ಚಳದ ಮೀನಾಕಾರಿ ಬಣ್ಣದಲ್ಲಿ ಬಿಳಿಯ ಹೋರಿ, ಅದರ ಮೇಲೊಬ್ಬ ಹೆಣ್ಣು. "ನಂದಿ ಮೇಲೆ ಪಾರ್ವತಮ್ಮ ಕಣಮ್ಮ. ತವರು ಬಿಟ್ಟು ಹೆಂಗೆ ಹೊಂಟವ್ಳೆ ನೋಡು, ಒಂದ್ ತೊಟ್ಟು ಕಣ್ಣೀರಿಲ್ಲ!" ಎಂದು ಅತ್ತೆಯಿಂದ ಸೊಸೆಗೆ ಪಾಠವಾಗುತ್ತಿತ್ತು. ಶಿವಲಕ್ಷ್ಮಮ್ಮನೂ ಹದಿನೇಳರ ಹರೆಯದಲ್ಲಿ ಅದನ್ನೇ ಕೇಳಿದ್ದಳು. ತವರೂರು ಕುಂದುರ್ಪಿಯಲ್ಲಿ ಹೆತ್ತವಳು ಸಾಯುತ್ತಿದ್ದಾಗಲೂ ಅದನ್ನೇ ಕೇಳಿ ಹೋಗದೆ ಉಳಿದಿದ್ದಳು.

ಆಗಲೇ ಅಕ್ಕಸಾಲಿ ಓಬುಳೇಶ್ ಬಂದ. ಸಡಿಲವಾದ ಕೀಲು ಬಿಗಿಸಲು ಕೊಟ್ಟಿದ್ದ ಡಬ್ಬಿಯನ್ನು ಯಜಮಾನಿಯ ಕೈಗಿಟ್ಟು ತಲೆ ಕೆರೆದುಕೊಂಡ.

"ಮುಚ್ಚಳದ ಮೇಲೆ ಕುಂಕುಮ ಗಟ್ಟಿ ಕಟ್ಟಿತ್ತು, ತೊಳೆದ್ಬುಟ್ಟೆ ಅಮ್ಮಾ. ಹಳೇ ಸಾಮಾನು ಕೊಳ್ಳೋರಿಗೆ ಫೋಟೋ ಕಳಿಸ್ದೆ. ಇದು ನಮ್ ದೇವ್ರಲ್ಲವಂತೆ, ಗ್ರೀಸ್ ದೇಶದ ಕತೆಯಂತೆ. ಅವರ ದೇವ್ರೊಬ್ಬ ಹೋರಿಯಾಗಿ ಬಂದು ಯೂರೋಪಾ ಅನ್ನೋ ಹುಡುಗೀನ ಸಮುದ್ರದಾಚೆ ಹೊತ್ಕೊಂಡು ಹೋದನಂತೆ. ಅವ್ಳು ಮತ್ತೆ ತನ್ನೂರು ನೋಡ್ಲೇ ಇಲ್ವಂತೆ, ಪಾಪಂ."

ಶಿವಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡಳು. ಐವತ್ತು ವರ್ಷ ಕೈಯಾಡಿಸಿದ ಡಬ್ಬಿ! ಹೋರಿಯ ಕಾಲ ಕೆಳಗೆ ನೀಲಿ ನೀರಿತ್ತು. ದಡದಲ್ಲಿ ಗೆಳತಿಯರು ಅಳುತ್ತಿದ್ದರು. ಅವನ್ನೆಲ್ಲ ಮುಚ್ಚಿದ್ದ ಕುಂಕುಮ ಹೋಗಿ ಹುಡುಗಿಯ ಮುಖವೂ ಈಗ ಕಾಣುತ್ತಿತ್ತು. ಅವಳು ಮುಂದೆ ನೋಡುತ್ತಿರಲಿಲ್ಲ. ಕತ್ತು ಹೊರಳಿಸಿ ದಡದತ್ತ ಕೈ ಚಾಚಿದ್ದಳು.

ಓಬುಳೇಶ್ ಹೋದ ಮೇಲೆ ಶಿವಲಕ್ಷ್ಮಮ್ಮ ಡಬ್ಬಿ ಹಿಡಿದು ಅಳತೊಡಗಿದಳು.

"ಸುಳ್ಳು ಹೇಳ್ಬುಟ್ರಲ್ಲೇ ನಂಗೆ! ನಾನೂ ನಿಂಗೆ ಅದ್ನೇ ಹೇಳ್ದೆನಲ್ಲೇ... ನಮ್ಮವ್ವ ಮೂರ್ ದಿನ ನನ್ ಹೆಸ್ರು ಹಿಡ್ದು ಕೂಗಿದ್ಲಂತೆ. ನಾನಿಲ್ಲಿ ಈ ಡಬ್ಬಿಗೆ ಪೂಜೆ ಮಾಡ್ಕೊಂಡು ಕೂತಿದ್ದೆ!"

ಪದ್ಮಲತಾ ಬ್ಯಾಗು ಬಿಟ್ಟು ಓಡಿಬಂದಳು. ಮೂರು ವರ್ಷದ ಸಿಟ್ಟು ಎಲ್ಲಿ ಹೋಯಿತೋ! "ಅಳಬ್ಯಾಡಿ ಅತ್ತಮ್ಮ..."

"ನೀನ್ಯಾಕ್ ಒಳಗ್ ಬಂದೆ? ಬಸ್ ತಪ್ತದೆ, ನಡಿ."

ಶಿವಲಕ್ಷ್ಮಮ್ಮ ಮುಖ ಒರೆಸಿಕೊಂಡು, ಡಬ್ಬಿಗೆ ಕುಂಕುಮ ತುಂಬಿ ಸೊಸೆಯ ಕೈಗಿಟ್ಟಳು. ಮುಚ್ಚಳದ ಮೇಲೆ ಮಾತ್ರ ಒಂದು ಚಿಟಿಕೆಯೂ ಬೀಳದಂತೆ ನೋಡಿಕೊಂಡಳು. ಆಮೇಲೆ ತನ್ನದೂ ಒಂದು ಸೀರೆಯನ್ನು ಚೀಲಕ್ಕೆ ತುರುಕಿಕೊಂಡಳು.

"ನಾನೂ ಬತ್ತೀನಿ. ನಿಮ್ಮವ್ವನ ಮುಂದೆ ತಪ್ಪಾಯ್ತು ಅನ್ಬೇಕು."

ಹೊಸಿಲು ದಾಟಿದವಳು ಅರೆಗಳಿಗೆ ನಿಂತಳು.

"ಕಲ್ಯಾಣದುರ್ಗದಿಂದ ಕುಂದುರ್ಪಿಗೆ ಈಗ್ಲೂ ಬಸ್ ಐತೇನೇ? ಅವ್ವ ಇಲ್ಲ... ಆ ಬಾಗ್ಲಾದ್ರೂ ಒಂದ್ ಸಾರಿ ನೋಡ್ಕೊಂಡು ಬತ್ತೀನಿ."