ಒಂದು ಗೇಣಿನ ತಪ್ಪು

"ಏಯ್... ನಿಲ್ಸ್ರೀ! ಯಾರ್ರೀ ನೀವು? ನನ್ನ ಹುಲ್ಲನ್ನ ಯಾಕೆ ಹೀಗೆ ಕೆರೀತಿದ್ದೀರಾ?"

ಗೆರೆ ಎಳೆಯುವ ಸುಣ್ಣದ ಗಾಡಿಯನ್ನು ಮೈದಾನದ ಆ ತುದಿಯಲ್ಲೇ ಬಿಟ್ಟು ಅವಳು ಓಡಿ ಬಂದಿದ್ದಳು. ಏದುಸಿರು. ಮೂಗಿನ ಮೇಲೆ ಸುಣ್ಣ. ಕಣ್ಣಲ್ಲಿ ಕೆಂಡ!

ಗೋಲುಕಂಬಗಳ ನಡುವೆ ನಿಂತಿದ್ದವನು ಬೂಟಿನ ಹಿಮ್ಮಡಿಯನ್ನು ನೆಲದಿಂದ ಎತ್ತಲಿಲ್ಲ.

"ಹೊಸ ಗೋಲ್‌ಕೀಪರ್ ರೀ ನಾನು. ಕಂಬ ಎರಡೂ ಬೆನ್ನ ಹಿಂದೆ ಇರ್ತವೆ. ಎದುರಿನ ಪೆನಾಲ್ಟಿ ಚುಕ್ಕೆ ಆಟಗಾರರ ಕಾಲಲ್ಲಿ ಮುಚ್ಚಿಹೋಗುತ್ತೆ. ಸರಿಯಾಗಿ ನಡುವೆ ಒಂದು ಗೀರು ಇದ್ರೆ, ಬಗ್ಗಿ ನೋಡಿದ ತಕ್ಷಣ ನಾನೆಲ್ಲಿದ್ದೀನಿ ಅಂತ ಗೊತ್ತಾಗುತ್ತೆ."

"ನಿಮ್ಮ ಮನೆ ನೆಲದ ಮೇಲೆ ಗೀರ್ಕೊಳ್ಳಿ!"

"ನಮ್ಮನೆಗೆ ಯಾರೂ ಗೋಲು ಹೊಡೆಯೋಕೆ ಬರಲ್ವಲ್ಲ..."

ನಗಬಾರದು ಎಂದುಕೊಂಡಳು. ಆದರೆ ನಗು ಬಂದೇಬಿಟ್ಟಿತು. ಪ್ರೀತಿಗೆ ಹೂದೋಟ ಬೇಕು, ಬೆಳದಿಂಗಳು ಬೇಕು ಅನ್ನುವವರು ಅಂದುಕೊಳ್ಳಲಿ ಬಿಡಿ. ಇವರಿಬ್ಬರಿಗೆ ಕೆರೆದ ಹುಲ್ಲೇ ಸಾಕಾಯಿತು.

ಅವಳ ಅಪ್ಪ ಮೂವತ್ತು ವರ್ಷ ಆ ಮೈದಾನವನ್ನು ನೋಡಿಕೊಂಡವರು. ಪಾರ್ಶ್ವವಾಯು ಬಡಿದು ಎಡಗಾಲು ಎಳೆಯುವಂತಾದ ಮೇಲೆ ಹುಲ್ಲಿನ ಕತ್ತರಿ, ಟೇಪು, ಸುಣ್ಣದ ಗಾಡಿ ಎಲ್ಲವೂ ಮಗಳ ಕೈಗೆ ಬಂದವು. ಕ್ಲಬ್ಬಿನವರು ಕೊಟ್ಟ ಎರಡು ಕೋಣೆಯ ಮನೆ ಮೈದಾನದ ಹಿಂದೆಯೇ ಇತ್ತು. ಅಪ್ಪ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಹುಲ್ಲು ಎಲ್ಲಿ ಒಣಗಿದೆ ಎಂದು ದಿನವಿಡೀ ಕೂಗಿ ಹೇಳುತ್ತಿದ್ದರು.

ಅವನೋ, ವಾರದ ಐದು ದಿನ ಪೇಟೆಯಲ್ಲಿ ಕಿಟಕಿಗಳಿಗೆ ಗಾಜು ಕತ್ತರಿಸುವ ಅಂಗಡಿ ನಡೆಸುವವನು. ಉಳಿದ ಎರಡು ದಿನ ಗೋಲ್‌ಕೀಪರ್. ಊರಿನವರಿಗೆ ಅವನು 'ಗಾಜು'. ಅವಳನ್ನು ಅವನು ಕರೆಯುತ್ತಿದ್ದದ್ದು 'ಸುಣ್ಣದ ಮೇಡಂ' ಎಂದು.

ಆ ವರ್ಷ ಅವರ ಪುಟ್ಟ ಕ್ಲಬ್ಬು ಮೊದಲ ಸಲ ರಾಷ್ಟ್ರೀಯ ಕಪ್‌ಗೆ ಆಯ್ಕೆಯಾಗಿತ್ತು. ನಾಕೌಟ್ ಪಂದ್ಯಾವಳಿ ಅಂದರೆ ಗೊತ್ತಲ್ಲ... ಒಂದು ಸಲ ಸೋತರೆ ಮನೆಗೆ ಹೋಗಬೇಕು. ಮೊದಲ ಸುತ್ತು ಗೆದ್ದರು. ಎರಡನೆಯ ಸುತ್ತಿನಲ್ಲಿ ಗಾಜು ಎರಡು ಪೆನಾಲ್ಟಿ ಹಿಡಿದ. ಊರು ಅವನನ್ನು ತಲೆಯ ಮೇಲೆ ಹೊತ್ತು ಕುಣಿಯಿತು!

ಆದರೆ ಆ ಪಂದ್ಯದಲ್ಲೇ ರೆಫರಿ ಅವನಿಗೆ ಹಳದಿ ಕಾರ್ಡ್ ತೋರಿಸಿದ್ದರು. ಮೈದಾನದ ಮೇಲೆ ಗೀರು ಎಳೆಯುವುದು ನಿಯಮಕ್ಕೆ ವಿರುದ್ಧ. ಇನ್ನೊಂದು ಕಾರ್ಡ್ ಬಂದರೆ ಮುಂದಿನ ಪಂದ್ಯಕ್ಕೆ ಅವನಿಲ್ಲ.

"ಗೀರು ಇಲ್ದೆ ನಂಗೆ ಕುರುಡಾದಂಗೆ ಆಗುತ್ತೆ," ಎಂದ ಅವನು, ಬೇಲಿಗೆ ಒರಗಿ. ಅಷ್ಟು ಸಪ್ಪೆಯಾದ ಮುಖವನ್ನು ಅವಳು ಎಂದೂ ನೋಡಿರಲಿಲ್ಲ.

ಯಾವ ಹುಲ್ಲಿಗಾಗಿ ಅವನ ಮೇಲೆ ಹಾರಿಬಿದ್ದಿದ್ದಳೋ, ಅದೇ ಹುಲ್ಲಿನ ಮೇಲೆ ಅವಳು ಮರುದಿನ ಮಂಡಿಯೂರಿ ಕುಳಿತಳು. ಗೋಲಿನ ಸರಿ ನಡುವಿನಿಂದ ಮುಂದಕ್ಕೆ, ಹೆಬ್ಬೆರಳಗಲದ ಒಂದು ಪಟ್ಟಿಯಲ್ಲಿ ಹುಲ್ಲನ್ನು ಕತ್ತರಿಯಿಂದ ಉಳಿದದ್ದಕ್ಕಿಂತ ತುಸು ಗಿಡ್ಡ ಮಾಡಿದಳು. ನೋಡುವವರಿಗೆ ಏನೂ ಕಾಣದು. ಗೊತ್ತಿದ್ದವನಿಗೆ ಮಾತ್ರ ಕಾಣುತ್ತದೆ.

"ಇದನ್ನ ಯಾವ ರೆಫರಿ ಹಿಡೀತಾನೆ ನೋಡೋಣ," ಎಂದಳು.

ಅವನು ಪಟ್ಟಿಯನ್ನು ನೋಡಿದ. ಆಮೇಲೆ ಅವಳ ಕೆಂಪಾದ ಬೆರಳುಗಳನ್ನು ನೋಡಿದ.

"ಕಪ್ ಮುಗೀಲಿ... ನಿಮ್ಮ ಅಪ್ಪನ ಹತ್ರ ಒಂದು ಮಾತು ಕೇಳೋದಿದೆ."

ಏನು ಮಾತು ಎಂದು ಅವಳು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ! ಅಂದು ಇಡೀ ಮೈದಾನಕ್ಕೆ ನೀರು ಹಾಕಿದರೂ ಅವಳಿಗೆ ಆಯಾಸವೇ ಆಗಲಿಲ್ಲ.

ಮೂರನೆಯ ಸುತ್ತನ್ನೂ ಗೆದ್ದರು. ಮುಂದೆ ಕ್ವಾರ್ಟರ್ ಫೈನಲ್, ಅದೂ ತಮ್ಮದೇ ಮೈದಾನದಲ್ಲಿ. ರಾಜಧಾನಿಯ ದೊಡ್ಡ ಕ್ಲಬ್ಬಿನವರು ಗಾಜುವನ್ನು ನೋಡಲೆಂದೇ ಬರುತ್ತಾರಂತೆ. ಅವನಿಗೆ ಇಪ್ಪತ್ತೊಂಬತ್ತು. ಇನ್ನೊಂದು ಇಂಥ ಅವಕಾಶ ಬರುವುದಿಲ್ಲ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಗುರುವಾರ ಅವಳು ಪಟ್ಟಿಯನ್ನು ಮತ್ತೆ ಕತ್ತರಿಸಿದಳು. ಶುಕ್ರವಾರ ಬೆಳಗ್ಗೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದುಹೋದವು. ಅದೇ ಶುಕ್ರವಾರ ಕಪ್‌ನ ಅಧಿಕಾರಿಗಳು ಬಂದು, ಹಳೆಯ ಮರದ ಗೋಲುಕಂಬ ಕಿತ್ತು ಹೊಸ ಲೋಹದ ಕಂಬ ನಿಲ್ಲಿಸಿ, ಗೆರೆಗಳನ್ನೂ ಹೊಸದಾಗಿ ಎಳೆಸಿ ಹೋದರು. ಭಾನುವಾರ ಅಪ್ಪನನ್ನು ಮನೆಗೆ ತಂದು ಮಲಗಿಸಿ ಅವಳು ಓಡೋಡಿ ಬಂದಾಗ ಜನ ಆಗಲೇ ತುಂಬಿದ್ದರು.

'ಹಳೇ ಗುಂಡಿಯಲ್ಲೇ ನಿಲ್ಲಿಸಿರ್ತಾರೆ' ಎಂದುಕೊಂಡಳು. ಟೇಪು ಸೊಂಟದಲ್ಲೇ ಇತ್ತು. ಅಳೆಯಲಿಲ್ಲ.

ಎಂಬತ್ತೆಂಟನೆಯ ನಿಮಿಷದವರೆಗೂ ಯಾರೂ ಗೋಲು ಹೊಡೆದಿರಲಿಲ್ಲ. ಆಗ ಎದುರಾಳಿಯೊಬ್ಬ ಜನಜಂಗುಳಿಯ ನಡುವಿನಿಂದ ಚೆಂಡನ್ನು ಒದ್ದ. ಗಾಜು ಕೆಳಗೆ ನೋಡಿದ, ಪಟ್ಟಿಯ ಮೇಲೆ ನಿಂತ, ಹಾರಿದ. ಚೆಂಡು ಅವನ ಬೆರಳ ತುದಿಗೂ ಕಂಬಕ್ಕೂ ನಡುವೆ ತೂರಿ ಒಳಗೆ ಹೋಯಿತು.

ಅಷ್ಟೇ. ಅಲ್ಲಿಗೆ ಕಪ್ ಮುಗಿಯಿತು.

ಜನ ಕರಗಿದ ಮೇಲೆ, ಸಂಜೆಯ ಬೆಳಕಲ್ಲಿ, ಅವಳು ಎರಡೂ ಮೂಲೆಗಳಿಂದ ಟೇಪು ಹಿಡಿದಳು. ಹೊಸ ಕಂಬಗಳು ಸರಿಯಾದ ಜಾಗದಲ್ಲಿದ್ದವು. ಪಟ್ಟಿ ಮಾತ್ರ ಒಂದು ಗೇಣು ಎಡಕ್ಕಿತ್ತು. ಚೆಂಡು ಹೋದದ್ದು ಬಲಕ್ಕೆ.

ಇನ್ನೊಮ್ಮೆ ಅಳೆದಳು. ಮತ್ತೊಮ್ಮೆ. ಆಮೇಲೆ ಟೇಪನ್ನು ಮಡಿಲಲ್ಲಿ ಹಾಕಿಕೊಂಡು ಅಲ್ಲೇ ಕುಸಿದು ಕುಳಿತು ಅತ್ತಳು.

'ನಾಳೆ ಹೇಳ್ತೀನಿ... ನಾಳೆ ಖಂಡಿತ ಹೇಳ್ತೀನಿ...'

ಮರುದಿನ ಯಾರೋ ಅವನ ಅಂಗಡಿಗೆ ಕಲ್ಲೆಸೆದರು. ಗಾಜಿನವನ ಅಂಗಡಿಯ ಗಾಜೇ ಪುಡಿಪುಡಿ! ತಲೆಯ ಮೇಲೆ ಹೊತ್ತಿದ್ದ ಊರೇ ಅವನನ್ನು ನೆಲಕ್ಕೆ ಬಿಸಾಡಿತ್ತು. ರಾಜಧಾನಿಯವರು ಒಂದು ಮಾತೂ ಹೇಳದೆ ಹೊರಟುಹೋಗಿದ್ದರು. ಇಷ್ಟೆಲ್ಲ ಆದ ಮೇಲೆ ಅವನ ಮುಂದೆ ನಿಂತು ಏನೆಂದು ಹೇಳುವುದು? ನಿಮ್ಮ ಬದುಕು ಕೆಡಿಸಿದ್ದು ನಾನು ಅಂತಲಾ?

ಮೂರನೆಯ ದಿನ ಅವನೇ ಮೈದಾನಕ್ಕೆ ಬಂದ. ಸಾಮಾನಿನ ಕೋಣೆಯ ಬಾಗಿಲ ಹಿಂದೆ ಅಡಗಿ ನಿಂತಳು ಅವಳು. ಅವನು ಅರ್ಧ ಗಂಟೆ ಕಾದ. ಸುಣ್ಣದ ಗಾಡಿ ಹೊರಗೇ ಇತ್ತು, ಅವಳು ಒಳಗಿದ್ದಾಳೆಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ?

ಸಂಜೆ ಫೋನಿಗೆ ಅವನ ಮೆಸೇಜು ಬಂತು.

'ಸೋತವನ ಮುಖ ನೋಡೋಕೆ ಇಷ್ಟ ಇಲ್ಲ ಅಂತ ಅರ್ಥ ಆಯ್ತು. ಇನ್ನು ತೊಂದರೆ ಕೊಡಲ್ಲ.'

ಅಯ್ಯೋ... ಹಾಗಲ್ಲ! ಹಾಗಲ್ಲವೇ ಅಲ್ಲ! ಉತ್ತರ ಬರೆದಳು, ಅಳಿಸಿದಳು. ಬರೆದಳು, ಅಳಿಸಿದಳು. ಕೊನೆಗೆ ಫೋನನ್ನು ದಿಂಬಿನ ಕೆಳಗಿಟ್ಟಳು. ಹೇಳಿದರೂ ಅವನನ್ನು ಕಳೆದುಕೊಳ್ಳುತ್ತಾಳೆ, ಹೇಳದಿದ್ದರೂ ಕಳೆದುಕೊಳ್ಳುತ್ತಾಳೆ. ಹೇಳದಿದ್ದರೆ ಅವನ ದ್ವೇಷವನ್ನಾದರೂ ನೋಡಬೇಕಿಲ್ಲ. ಹೇಡಿತನ ಅನ್ನಿ, ಅದನ್ನು ಅವಳೂ ಒಪ್ಪುತ್ತಾಳೆ.

ಹೀಗೆ ನಾಲ್ಕು ವಾರ. ಗಾಜು ಆಟ ಬಿಟ್ಟನಂತೆ. ಕೈಗವಸು ಯಾರಿಗೋ ಕೊಟ್ಟನಂತೆ. ಅಂಗಡಿ ಮುಚ್ಚಿ ಬೇರೆ ಊರಿನ ಅಕ್ಕ-ಭಾವನ ಹತ್ತಿರ ಹೋಗುತ್ತಾನಂತೆ. ಸುದ್ದಿಗಳು ಒಂದೊಂದಾಗಿ ಬರುತ್ತಿದ್ದವು.

ಸೆಮಿಫೈನಲ್ ದಿನ ಅಪ್ಪ ರೇಡಿಯೋ ಹಾಕಿಕೊಂಡಿದ್ದರು. ಇವರನ್ನು ಸೋಲಿಸಿದ ತಂಡ ಫೈನಲ್‌ಗೆ ಹೋಯಿತು. ಅವಳು ಎದ್ದು ರೇಡಿಯೋ ಆರಿಸಿದಳು.

"ಮಗಳೇ, ಏನು ನುಂಗಿಕೊಂಡು ಕೂತಿದ್ದೀಯಾ?"

ತಡೆಯಲಾಗಲಿಲ್ಲ. ಪಟ್ಟಿ, ಕಂಬ, ಟೇಪು... ಎಲ್ಲ ಹೇಳಿಬಿಟ್ಟಳು. ಅಪ್ಪ ಬೈಯುತ್ತಾರೆಂದುಕೊಂಡಿದ್ದಳು. ಅವರ ಮುಖ ಬಿಳಿಚಿಕೊಂಡಿತು.

"ಆ ಹಳೇ ಕಂಬ ಹುಗಿದವನು ನಾನೇ ಕಣಮ್ಮ. ಇಪ್ಪತ್ತೆರಡು ವರ್ಷದ ಹಿಂದೆ. ಆಮೇಲೆ ಅಳೆದು ನೋಡಿದ್ರೆ ಎರಡೂ ಒಂದು ಗೇಣು ಎಡಕ್ಕೆ ತಪ್ಪಿದ್ವು. ಕಾಂಕ್ರೀಟು ಗಟ್ಟಿಯಾಗಿಬಿಟ್ಟಿತ್ತು. ಯಾರಿಗೂ ಗೊತ್ತಾಗಲ್ಲ ಅಂತ ಸುಮ್ಮನಾದೆ. ನಿನಗೂ ಹೇಳಲಿಲ್ಲ... ಹೇಳೋಕೆ ನಾಚಿಕೆ ಆಯ್ತು."

ಅವಳು ಅಪ್ಪನನ್ನೇ ನೋಡಿದಳು. ಕೋಪ ಬರಬೇಕಿತ್ತು. ಬಂದದ್ದು ಭಯ. ಇನ್ನು ಇಪ್ಪತ್ತೆರಡು ವರ್ಷ ಬಿಟ್ಟು ತಾನೂ ಹೀಗೇ ಕಿಟಕಿಯ ಪಕ್ಕ ಕುಳಿತಿರುತ್ತೇನೆ, ಅವನು ಎಲ್ಲೋ ತನ್ನ ಕೈಗಳನ್ನು ಶಪಿಸಿಕೊಳ್ಳುತ್ತಿರುತ್ತಾನೆ!

"ಹೋಗಮ್ಮ," ಎಂದರು ಅಪ್ಪ. "ನನ್ನ ಹೆಸರೂ ಸೇರಿಸಿ ಹೇಳು."

ಮರುದಿನ ಅಂಗಡಿಯಲ್ಲಿ ಅವನು ಉಳಿದ ಗಾಜುಗಳ ನಡುವೆ ಹಳೆಯ ಪೇಪರು ಇಟ್ಟು ಕಟ್ಟುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಬೆರಳುಗಳ ತುಂಬ ಬ್ಯಾಂಡೇಜು.

"ಬನ್ನಿ ಮೇಡಂ. ಬೀಳ್ಕೊಡೋಕೆ ಬಂದ್ರಾ?"

"ಪಟ್ಟಿ ತಪ್ಪಿತ್ತು," ಎಂದಳು. ಕುಳಿತುಕೊಳ್ಳಲೂ ಇಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದಳು. "ಹೊಸ ಕಂಬ ಬಂದ ಮೇಲೆ ನಾನು ಅಳೀಲಿಲ್ಲ. ನೀವು ಸರಿಯಾಗೇ ನಿಂತಿದ್ರಿ... ನನ್ನ ಪಟ್ಟಿ ಮೇಲೆ ಸರಿಯಾಗಿ ನಿಂತಿದ್ರಿ. ತಪ್ಪು ನಂದು. ನಿಮ್ಮ ಕೈದೂ ಅಲ್ಲ, ಕಣ್ಣಿಂದೂ ಅಲ್ಲ."

ಅವನು ಕೈಯಲ್ಲಿದ್ದ ಪೇಪರನ್ನು ಕೆಳಗಿಟ್ಟ.

"ಯಾವತ್ತು ಗೊತ್ತಾಯ್ತು?"

"ಅವತ್ತೇ... ಸಂಜೆ."

"ಅವತ್ತೇ?" ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ. "ನಾಲ್ಕು ವಾರ! ನನ್ನ ಬೆರಳು ನೋಡಿ. ಹನ್ನೆರಡು ವರ್ಷದಿಂದ ಗಾಜು ಕತ್ತರಿಸ್ತಿದ್ದೀನಿ, ಒಂದಿನ ಗಾಯ ಆಗಿಲ್ಲ. ಈ ನಾಲ್ಕು ವಾರದಲ್ಲಿ ಏಳು ಸಲ. ನನ್ನ ಕೈನ ನಾನೇ ನಂಬ್ತಿರ್ಲಿಲ್ಲ! ಪಟ್ಟಿ ತಪ್ಪಿದ್ದು ಬಿಡಿ, ಅದು ಯಾರಿಗಾದ್ರೂ ಆಗುತ್ತೆ. ನೀವು ಬಾಗಿಲ ಹಿಂದೆ ನಿಂತ್ಕೊಂಡ್ರಲ್ಲ... ಅದು..."

"ನಿಮ್ಮನ್ನ ಕಳ್ಕೊಳ್ತೀನಿ ಅಂತ ಹೆದರಿದೆ."

"ಈಗ?"

"ಈಗಲೂ ಹೆದರಿಕೆನೇ. ಆದ್ರೂ ಹೇಳ್ದೆ. ನಿಮ್ಮನ್ನ ಪ್ರೀತಿಸ್ತೀನಿ, ಅದನ್ನೂ ಹೇಳಿಬಿಡ್ತೀನಿ. ಉತ್ತರ ಬೇಡ."

ಅವನು ಮುಖ ತಿರುಗಿಸಿದ. "ಹೋಗಿ," ಎಂದ ಮೆಲ್ಲಗೆ. ಅವಳು ಹೋದಳು.

ಆದರೆ ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಶುಕ್ರವಾರ ಕ್ಲಬ್ಬಿನ ಕಮಿಟಿಯ ಮುಂದೆ ನಿಂತು ಎಲ್ಲವನ್ನೂ ಮತ್ತೆ ಹೇಳಿದಳು. ಅಪ್ಪನ ಹೆಸರು ಮಾತ್ರ ನುಂಗಿಕೊಂಡಳು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ನೀನು ಬಾಯಿ ಬಿಡದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲವಲ್ಲಮ್ಮ..."

"ಗೊತ್ತಾಗ್ಲಿ ಅಂತಾನೇ ಹೇಳ್ತಿದ್ದೀನಿ ಸರ್. ಆ ಸೋಲು ಅವರದಲ್ಲ. ಬೋರ್ಡಿನ ಮೇಲೆ ಬರೆದು ಹಾಕಿ."

ಬರೆದು ಹಾಕಿದರು. ಅದರ ಕೆಳಗೇ ಇನ್ನೊಂದು ಕಾಗದವಿತ್ತು. ನಿಯಮ ಮೀರಿ ಮೈದಾನದಲ್ಲಿ ಗುರುತು ಮಾಡಿದ್ದಕ್ಕೆ ಅವಳಿಗೆ ಕೆಲಸವಿಲ್ಲ. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು.

ಭಾನುವಾರ ಮಧ್ಯಾಹ್ನ ಎಲ್ಲೋ ದೂರದ ನಗರದಲ್ಲಿ ಕಪ್‌ನ ಫೈನಲ್ ನಡೆಯುತ್ತಿತ್ತು. ಒಳಗೆ ಅಪ್ಪನ ರೇಡಿಯೋ ಗಲಾಟೆ ಮಾಡುತ್ತಿತ್ತು. ಅವಳು ಹೊರಗೆ ಪಾತ್ರೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ನೆರಳು ಬಿದ್ದಾಗ ತಲೆಯೆತ್ತಿದಳು.

ಅವನು.

"ಕಮಿಟಿಗೆ ಯಾಕೆ ಹೇಳೋಕೆ ಹೋದ್ರಿ? ನಾನು ಕೇಳಿದ್ನಾ?" ಮುಖ ಊದಿಕೊಂಡಿತ್ತು. "ಕೆಲಸ ಹೋಯ್ತು, ಮನೆ ಹೋಯ್ತು. ಸ್ವಲ್ಪನಾದ್ರೂ ಬುದ್ಧಿ ಇದೆಯಾ?"

"ಜನ ನಿಮ್ಮನ್ನ ಬೈಯೋದು ಕೇಳೋಕಾಗ್ಲಿಲ್ಲ."

ಅವನು ಪಾತ್ರೆಗಳ ಪಕ್ಕ ನೆಲದ ಮೇಲೆಯೇ ಕುಳಿತ. ಒಳಗೆ ಯಾರೋ ಗೋಲು ಹೊಡೆದರು. ಇಬ್ಬರೂ ಅತ್ತ ತಿರುಗಲಿಲ್ಲ.

"ಪಟ್ಟಿ ಸರಿ ಇದ್ದಿದ್ರೆ ಆ ಚೆಂಡು ಹಿಡೀತಿದ್ದೆನಾ?" ಎಂದ ತನಗೇ ಎಂಬಂತೆ. "ದಿನಾ ಯೋಚಿಸ್ತೀನಿ. ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಲ್ಲ."

"ನನ್ನನ್ನ ಕ್ಷಮಿಸಬೇಡಿ..."

"ಇನ್ನೂ ಕ್ಷಮಿಸಿಲ್ಲ. ಟೈಮ್ ಬೇಕು."

ಅವಳ ಕಣ್ಣು ತುಂಬಿತು. ತಲೆಯಾಡಿಸಿದಳು. "ಬಸ್ಸು ಯಾವಾಗ?"

"ನಾಳೆ ಬೆಳಗ್ಗೆ. ಭಾವ ಅಲ್ಲಿ ಅಂಗಡಿ ನೋಡಿದ್ದಾರೆ." ಒಂದು ಪಾತ್ರೆಯನ್ನು ಎತ್ತಿ ಡಬ್ಬದೊಳಗಿಟ್ಟ. "ಮನೆನೂ ನೋಡೋಕೆ ಹೇಳಿದ್ದೆ. ನೆಲಮಹಡಿ. ಒಂದು ಮೆಟ್ಟಿಲೂ ಇಲ್ಲ. ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಕಂಬಿ ಹಾಕಿಸಬಹುದಂತೆ."

ಅವಳಿಗೆ ಅರ್ಥವಾಗಲಿಲ್ಲ.

"ನಿಮಗ್ಯಾಕೆ ಬಚ್ಚಲಲ್ಲಿ ಕಂಬಿ?"

"ನಿನ್ನ ಅಪ್ಪನಿಗೆ."

ಮೊದಲ ಸಲ ಅವನು 'ನಿನ್ನ' ಎಂದಿದ್ದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳು ನಿಲ್ಲಲಿಲ್ಲ.

"ಯಾವಾಗ ಹೇಳಿದ್ರಿ ಭಾವನಿಗೆ? ಕಮಿಟಿ ವಿಷಯ ಗೊತ್ತಾದ ಮೇಲಾ?"

"ಅಲ್ಲ," ಎಂದ ಅವನು, ಬ್ಯಾಂಡೇಜಿನ ಬೆರಳಿಂದ ಅವಳ ಕೆನ್ನೆ ಒರೆಸುತ್ತಾ. "ನೀನು ಅಂಗಡಿಗೆ ಬಂದು ಹೋದ ದಿನಾನೇ. ನಿನ್ನ ಮೇಲೆ ಕೆಟ್ಟ ಕೋಪ ಇತ್ತು... ಆ ಕೋಪದಲ್ಲೇ ಫೋನ್ ಮಾಡ್ದೆ."