ಉರಿಗೆ ನಿಂತ ಬಾಗಿಲು

"ನನ್ನ ಬಾಗಿಲನ್ನ ಟೆಸ್ಟ್ ಮಾಡೋಕೆ ಆಗಲ್ಲ ಅಂದ್ರಂತೆ ನೀವು?"

ಪರೀಕ್ಷಾ ಕೇಂದ್ರದ ಕಾರಿಡಾರಿನಲ್ಲಿ ಅವಳು ಅವನ ದಾರಿಗೆ ಅಡ್ಡ ನಿಂತಿದ್ದಳು. ಹುಬ್ಬಿನ ಮೇಲೆ ಇನ್ನೂ ಮರದ ಪುಡಿ.

"ಹೌದು," ಅಂದ ಅವನು.

"ಯಾಕೆ?"

ಅವನು ಕನ್ನಡಕ ತೆಗೆದು ಒರೆಸಿದ. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ. "ಮೇಡಂ ಮಾಡ್ತಾರೆ. ನನಗಿಂತ ಹಿರಿಯರು."

"ನಾನು ಕೇಳಿದ್ದು ಅದಲ್ಲ."

ಅವನು ಪಕ್ಕಕ್ಕೆ ಸರಿದು ಹೊರಟುಹೋದ. ಅವಳಿಗೆ ಮೈಯೆಲ್ಲ ಉರಿಯಿತು.

ಬಾಗಿಲುಗಳನ್ನು ಕುಲುಮೆಗೆ ಒಡ್ಡಿ, ಬೆಂಕಿಯನ್ನು ಎಷ್ಟು ಹೊತ್ತು ತಡೆಯುತ್ತವೆಂದು ನೋಡುವ ಎಂಜಿನಿಯರ್ ಅವನು. ಅಣ್ಣನ ಜೊತೆ ಬಾಗಿಲಿನ ಕಾರ್ಖಾನೆ ನಡೆಸುವವಳು ಅವಳು. ಅವರದು ಬೂದು ಬಣ್ಣದ ಸ್ಟೀಲ್ ಬಾಗಿಲುಗಳಿಗೆ ಹೆಸರಾದ ಕಾರ್ಖಾನೆ. ಹೊಸ ಹೆರಿಗೆ ಆಸ್ಪತ್ರೆಯವರು ಮಾತ್ರ ಹಟ ಹಿಡಿದಿದ್ದರು: ಬೆಂಕಿ ತಡೆಯುವ ಬಾಗಿಲೇ ಬೇಕು, ಆದರೆ ತಾಯಂದಿರು ಮಗು ಎತ್ತಿಕೊಂಡು ಓಡಾಡುವ ಜಾಗ ಗೋಡೌನಿನ ಹಾಗೆ ಕಾಣಬಾರದು.

ಅವಳು ಮರದ ಬಾಗಿಲು ಮಾಡಿದಳು. ಒಳಗೆ ಸುಲಭಕ್ಕೆ ಉರಿಯದ ಹಲಗೆ, ಅಂಚಿಗೆ ಬಿಸಿ ತಾಗಿದರೆ ಉಬ್ಬಿ ಸಂದು ಮುಚ್ಚುವ ಪಟ್ಟಿ, ಮೇಲೆ ವೆನೀರ್ ಎಂಬ ತೆಳ್ಳಗಿನ ಮರದ ಹಾಳೆ, ಹೊಳಪಿಲ್ಲದ ಪಾಲಿಶ್. ಮೊದಲ ಪರೀಕ್ಷೆಯಲ್ಲೇ ಅದು ಸೋತುಹೋಯಿತು. ಸದ್ದಿಲ್ಲದೆ ಮುಚ್ಚಲಿ ಎಂದು ಬೀಗದ ಕಡೆಯ ಅಂಚನ್ನು ಒಂದಿಷ್ಟು ಹೆಚ್ಚೇ ಉಜ್ಜಿದ್ದಳು. ಬೆಂಕಿ ಆ ಸಂದನ್ನೇ ಹುಡುಕಿಕೊಂಡು ಬಂತು. ಆ ದಿನ ಅವನು ಆಡಿದ್ದು ಒಂದೇ ಮಾತು: "ಫೇಲ್." ಅವಳು ಅವನಿಗೆ ಮೌನಿ ಎಂದು ಹೆಸರಿಟ್ಟಳು.

ಫೋನಿನಲ್ಲಿ ಮಾತ್ರ ಮೌನಿ ಮೌನಿಯಾಗಿರಲಿಲ್ಲ. ವರದಿಯಲ್ಲಿ ಅರ್ಥವಾಗದ್ದನ್ನು ಕೇಳಲು ಅವಳು ಮಾಡಿದ ಕರೆ ಬಾಗಿಲಿನ ಕೀಲುಗಳಿಂದ ಶುರುವಾಗಿ, ಅವನ ತಾಯಿಯ ಮಂಡಿನೋವು, ಅವಳ ಅಣ್ಣನ ಗೊರಕೆ ಎಲ್ಲ ಸುತ್ತಿ ಬಂದಿತ್ತು. ಆಮೇಲೆ ಕರೆಗಳು ಬೆಳೆದವು. ಹಗಲು ಅವನ ಧ್ವನಿ ಕೇಳದಿದ್ದರೆ ಮರ ಹೆರೆಯುವ ರಂದ ಹಿಡಿದ ಕೈಗೆ ಏನೋ ಮರೆತಂತಾಗುತ್ತಿತ್ತು. ಅವಳು ಎರಡನೇ ಪರೀಕ್ಷೆಗೆ ಅರ್ಜಿ ಹಾಕಿದ್ದೇ ತಡ, ಅವನು ಫೋನ್ ಎತ್ತುವುದನ್ನೇ ಬಿಟ್ಟ.

ಅಣ್ಣನಿಗೆ ಇದೆಲ್ಲ ಒಂದಿಷ್ಟು ಗೊತ್ತಿತ್ತು. ಅರ್ಜಿ ಹಾಕಿದ ದಿನವೇ ಅಂದಿದ್ದ: "ಪುಟ್ಟಿ, ಆ ಹುಡುಗನಿಗೆ ನೀನಂದ್ರೆ ಇಷ್ಟ ಕಣೇ. ಒಂದು ಮಾತು ಹೇಳು. ತಪ್ಪು ಕಂಡ್ರೂ ಕಾಣದ ಹಾಗೆ ಬಿಟ್ಟುಬಿಡ್ತಾನೆ."

"ಆ ಬಾಗಿಲ ಹಿಂದೆ ಹಸುಗೂಸುಗಳು ಮಲಗಿರ್ತವೆ, ಅಣ್ಣ."

"ಸರಿ ಹಾಗಾದ್ರೆ. ಈ ಸಲವೂ ಹೋದ್ರೆ ಮರದ ಕೆಲಸ ಬಂದ್. ಬರೀ ಸ್ಟೀಲು."

ಈಗ ಅವಳ ಬಾಗಿಲು ಕುಲುಮೆಯ ಬಾಯಿಗೆ ಬಿಗಿದು ನಿಂತಿತ್ತು. ಆಚೆ ಬೆಂಕಿ ಮೊರೆಯುತ್ತಿತ್ತು. ಈಚೆ ಹಳದಿ ಗೆರೆಯ ಹಿಂದೆ ಅವಳು, ದೂರದ ಕುರ್ಚಿಯಲ್ಲಿ ಅಣ್ಣ. ಬಾಗಿಲಿನ ಹತ್ತಿರ ಇದ್ದವರು ಮೇಡಂ ಒಬ್ಬರೇ.

ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ಮೌನಿ. ಬರಿಗೈಯಲ್ಲಿ.

ಅವಳು ತಿರುಗಲಿಲ್ಲ. ಆದರೆ ಅವನ ಕಣ್ಣು ಒಮ್ಮೆ ತನ್ನ ಹುಬ್ಬಿನವರೆಗೆ ಬಂದು, ಅಲ್ಲಿನ ಪುಡಿಯ ಮೇಲೆ ನಿಂತು, ಅಪರಾಧ ಮಾಡಿದಂತೆ ಹಿಂದೆ ಹೋದದ್ದು ಅವಳಿಗೆ ತಿಳಿಯಿತು.

"ಹೊಗೆ ಬರ್ತಿದೆ," ಅಂದಳು ಕೊನೆಗೆ.

"ಪಟ್ಟಿ ಉಬ್ಬೋ ಮುಂಚೆ ಬರುತ್ತೆ. ಹೆದರಬೇಡಿ."

"ನೀವು ಅಲ್ಲಿ ನಿಂತಿದ್ರೆ ನನಗೆ ಧೈರ್ಯ ಇರ್ತಿತ್ತು."

"ನನಗಿರ್ತಿರಲಿಲ್ಲ." ಅವನು ಬಾಗಿಲನ್ನೇ ನೋಡುತ್ತಿದ್ದ. "ಸಂದಿನ ಹತ್ರ ಹತ್ತಿ ಹಿಡೀಬೇಕು. ಅದಕ್ಕೆ ಕಿಡಿ ಹತ್ತಿದ್ರೆ ಫೇಲ್. ನಾನಾಗಿದ್ರೆ ಕೈ ಒಂದು ಚೂರು ಹಿಂದೆ ಸರೀತಿತ್ತೋ ಏನೋ."

"ಯಾಕೆ ಸರೀಬೇಕು?"

"ನಿಮಗೆ ಗೊತ್ತು."

"ನನಗೇನೂ ಗೊತ್ತಿಲ್ಲ. ಫೋನೇ ಎತ್ತದವರ ಮನಸ್ಸು ನನಗೆ ಹೇಗೆ ಗೊತ್ತಾಗಬೇಕು?"

"ನೀವಂದ್ರೆ ನನಗೆ ಇಷ್ಟ. ಅದನ್ನ ಮೇಲಿನವರಿಗೆ ಹೇಳಿಯೇ ಈ ಟೆಸ್ಟ್ ಬಿಟ್ಟೆ. ಇಡೀ ಆಫೀಸಿಗೆ ಗೊತ್ತು. ನಿಮಗೆ ಹೇಳೋಕೆ ಮಾತ್ರ ಬಾಯಿ ಬಂದಿರಲಿಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ನನ್ನ ಬಾಗಿಲು ಉರೀತಿರೋವಾಗ ಹೇಳ್ತಿದ್ದೀರಲ್ಲ!"

"ಆಮೇಲೆ ಹೇಳಿದ್ರೆ, ಪಾಸಾದ್ರೆ ಖುಷಿಗೆ ಹೇಳಿದೆ ಅಂತೀರಿ, ಫೇಲಾದ್ರೆ ಸಮಾಧಾನಕ್ಕೆ ಅಂತೀರಿ."

ಅವಳು ಉತ್ತರ ಕೊಡುವಷ್ಟರಲ್ಲಿ ಬೀಗದ ಕಡೆಯ ಸಂದಿನಲ್ಲಿ ಕೆಂಪಗೆ ಒಂದು ಗೆರೆ ಮೂಡಿತು. ಹೋದ ಸಲದ ಜಾಗವೇ. ಪಾಲಿಶ್ ಗುಳ್ಳೆಯೆದ್ದು ಕಪ್ಪಾಯಿತು. ಮೇಡಂ ಉದ್ದ ಹಿಡಿಕೆಯ ತುದಿಯಲ್ಲಿದ್ದ ಹತ್ತಿಯನ್ನು ಅಲ್ಲಿಗೇ ಒಯ್ದರು. ಕುರ್ಚಿಯಲ್ಲಿದ್ದ ಅಣ್ಣ ಎದ್ದು ನಿಂತ.

ಹತ್ತಿಯ ಅಂಚು ಕಂದು ಬಣ್ಣಕ್ಕೆ ತಿರುಗಿತು.

ಅವಳ ಕಾಲು ತಾನಾಗಿ ಗೆರೆಯತ್ತ ಹೋಯಿತು. "ದಾಟಬೇಡಿ," ಅಂದ ಅವನು ಪಿಸುದನಿಯಲ್ಲಿ. ಅವನ ಮುಖ ಬಿಳಿಚಿಕೊಂಡಿತ್ತು. ಮೇಡಂ ಅವರ ಕೈ ಕೂದಲೆಳೆಯಷ್ಟೂ ಅಲುಗಲಿಲ್ಲ.

ಆಗ ಪಟ್ಟಿ ಉಬ್ಬಿತು. ಕೆಂಪು ಗೆರೆ ಕೆಳಗಿನಿಂದ ತೆಳ್ಳಗಾಗುತ್ತ ಬಂದು, ಒಂದು ಚುಕ್ಕೆಯಾಗಿ, ಆರಿಹೋಯಿತು. ಹತ್ತಿ ಹೊತ್ತಿಕೊಳ್ಳಲಿಲ್ಲ.

ಪರೀಕ್ಷೆಯ ಹೊತ್ತು ಮುಗಿದು ಗಂಟೆ ಬಾರಿಸಿದಾಗ ಕುಲುಮೆಯ ಮೊರೆತ ನಿಂತಿತು. ಮೇಡಂ ಮುಖದ ಕವಚ ಎತ್ತಿ ಇತ್ತ ನೋಡಿದರು. "ನಿಂತಿದೆ ಕಣಮ್ಮ, ನಿನ್ನ ಬಾಗಿಲು."

ಅಣ್ಣ ಆಗಲೇ ಆಸ್ಪತ್ರೆಗೆ ಫೋನ್ ಹಚ್ಚಿ ಹೊರಗೆ ಓಡಿದ್ದ. ಅವಳು ಇದ್ದಲ್ಲೇ ಇದ್ದಳು. ಒಂದು ಹೆಜ್ಜೆ ಇಡಲು ಹೋಗಿ ತಡವರಿಸಿದಳು.

"ಕೈ ಕೊಡು," ಅಂದಳು.

"ನೀವು" ಎಂಬುದು "ನೀನು" ಆದದ್ದು ಅವನ ಕಿವಿಗೆ ಬೀಳಲು ಒಂದು ಕ್ಷಣ ಹಿಡಿಯಿತು. ಕಿವಿಯ ತುದಿ ಕೆಂಪಾಯಿತು.

"ಕೈ ಕೊಡೋ ಜಾತಿ ಅಲ್ಲ ನಾನು," ಅಂದ ಮೌನಿ.

"ಅಯ್ಯೋ, ಹಿಡ್ಕೊಳ್ಳೋಕೆ ಮಾರಾಯ, ಬೀಳ್ತೀನಿ ಈಗ!"

ಅವನು ಹಿಡಿದುಕೊಂಡ.